ಪಂಚಾಂಗ ನೋಡಿ ಅಂಡಮಾನಿಗೆ

ಅಂಡಮಾನಿಗೆ ಯಾವಾಗ ಹೋಗುವುದು ಒಳ್ಳೆಯದು ಎಂದು ಕ್ಯಾಮೆರಾ ಹಿಡಿಯುವವರು ಯಾರೇ ಕೇಳಲಿ, ನಾನು ಹೇಳುವುದು ಒಂದೇ: ಶಿವರಾತ್ರಿಗೆ ಹೋಗಿ. ಅಲ್ಲಿ ದೊಡ್ಡ ಈಶ್ವರನ ಗುಡಿ ಇದೆಯಾ ಎಂದು ಕೇಳಿದವರೂ ಇದ್ದಾರೆ. ನನಗೆ ಬೇಕಾಗಿರುವುದು ತಿಥಿ. ಮಾಘ ಬಹುಳ ಚತುರ್ದಶಿ, ಬೆನ್ನಿಗೇ ಅಮಾವಾಸ್ಯೆ. ಇಂಗ್ಲಿಷ್ ಲೆಕ್ಕದಲ್ಲಿ ಫೆಬ್ರವರಿ ನಡುವಿನಿಂದ ಮಾರ್ಚ್ ಎರಡನೇ ವಾರದೊಳಗೆ ಬೀಳುತ್ತದೆ. ಆ ಹೊತ್ತಿಗೆ ದ್ವೀಪಗಳಲ್ಲಿ ಮಳೆ ಮುಗಿದಿರುತ್ತದೆ, ಕಡಲು ಅಬ್ಬರಿಸುವುದಿಲ್ಲ, ಕ್ರಿಸ್‌ಮಸ್ ರಜೆಯ ನೂಕುನುಗ್ಗಲು ಕರಗಿ ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಇಷ್ಟನ್ನು ಯಾವ ಟ್ರಾವೆಲ್ಸಿನವರಾದರೂ ಹೇಳುತ್ತಾರೆ. ಅಮಾವಾಸ್ಯೆಯ ವಿಷಯ ಮಾತ್ರ ಅವರು ಎತ್ತುವುದಿಲ್ಲ.

ಅದಕ್ಕೂ ಮೊದಲು ಗಡಿಯಾರದ ವಿಷಯ. ನಮ್ಮ ದೇಶಕ್ಕೆಲ್ಲ ಗಂಟೆ ಒಂದೇ, ಅದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ಅಂಡಮಾನ್ ಇರುವುದು 93 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು ನಲವತ್ತು ನಿಮಿಷ ಮುಂದೆ. ಬೆಂಗಳೂರು ಅದೇ ರೇಖೆಯಿಂದ ಇತ್ತ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ಹಿಂದೆ. ಎರಡನ್ನೂ ಕೂಡಿಸಿದರೆ ಒಂದು ಗಂಟೆಯ ವ್ಯತ್ಯಾಸ. ಫೆಬ್ರವರಿ ಕೊನೆಗೆ ಅಲ್ಲಿ ಬೆಳಗಿನ ಐದೂವರೆ ದಾಟುತ್ತಿದ್ದಂತೆ ಸೂರ್ಯ ಹುಟ್ಟುತ್ತಾನೆ, ಸಂಜೆ ಐದೂವರೆಯೊಳಗೆ ಮುಳುಗುತ್ತಾನೆ. ಡಿಸೆಂಬರ್ ಮೊದಲಲ್ಲಾದರೆ ಸಂಜೆ ಐದಕ್ಕೂ ಮುನ್ನವೇ ಮುಗಿಯಿತು. ಮಧ್ಯಾಹ್ನ ಊಟ ಮಾಡಿ, ಸಣ್ಣದೊಂದು ನಿದ್ದೆ ತೆಗೆದು, ಕಾಫಿ ಕುಡಿದು ಬೀಚಿಗೆ ಹೊರಡುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು ಮಾತು. ವಿದೇಶಿ ಫೋಟೋಗ್ರಫಿ ಪುಸ್ತಕಗಳು ‘ಗೋಲ್ಡನ್ ಅವರ್’ ಎಂದು ಒಂದು ಗಂಟೆಯ ಹೊಂಬೆಳಕಿನ ಆಸೆ ಹುಟ್ಟಿಸುತ್ತವೆ. ಅವನ್ನು ಬರೆದವರ ಊರುಗಳಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಇಳಿಯುತ್ತಾನೆ. ನಮ್ಮ ಕಡೆ ನೆಟ್ಟಗೆ ಇಳಿಯುತ್ತಾನೆ. ಅಂಡಮಾನಿನಲ್ಲೂ ಅಷ್ಟೇ, ಮಂಗಳೂರಿನಲ್ಲೂ ಅಷ್ಟೇ, ಒಳ್ಳೆಯ ಬೆಳಕು ಸಿಗುವುದು ಇಪ್ಪತ್ತೈದು ನಿಮಿಷ. ಆಮೇಲೆ ಇನ್ನೊಂದು ಇಪ್ಪತ್ತು ನಿಮಿಷದ ಸಂಜೆಗೆಂಪು. ಬೀಚ್ ತಲುಪಿದ ಮೇಲೆ ಟ್ರೈಪಾಡ್ ಎಲ್ಲಿಡಲಿ ಎಂದು ಯೋಚಿಸುತ್ತ ನಿಂತರೆ ಅರ್ಧ ಅಲ್ಲೇ ಹೋಗುತ್ತದೆ. ಆದ್ದರಿಂದ ಹಿಂದಿನ ದಿನದ ನಡುಬಿಸಿಲಲ್ಲಿ, ಫೋಟೋಗೆ ಯಾವ ಪ್ರಯೋಜನಕ್ಕೂ ಬಾರದ ಹೊತ್ತಿನಲ್ಲಿ ಹೋಗಿ ಜಾಗ ನೋಡಿಟ್ಟುಕೊಂಡು ಬರುತ್ತೇನೆ.

ಈಗ ಅಮಾವಾಸ್ಯೆಗೆ ಬರೋಣ. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಉಬ್ಬರ ಇಳಿತಗಳೆರಡೂ ಜೋರು ಎಂಬುದು ಕರಾವಳಿಯವರಿಗೆ ಹೇಳಬೇಕಾದದ್ದಲ್ಲ. ನಾನು ಬಯಲುಸೀಮೆಯವಳು, ನನಗೆ ಇದನ್ನು ಮನದಟ್ಟು ಮಾಡಿಸಿದ್ದು ನೀಲ್ ದ್ವೀಪದಲ್ಲಿ ದಾರಿ ತೋರಿಸಲು ಬಂದ ಬಂಗಾಳಿ ಹುಡುಗ. ಇಳಿತದ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಒಂದು ಜಾಗದಲ್ಲಿ ಈ ಅಮಾವಾಸ್ಯೆಗೆ ಇಳಿತ ಎಷ್ಟು ಹೊತ್ತಿಗೋ ಮುಂದಿನ ಹುಣ್ಣಿಮೆಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ನಡುವಿನ ಅಷ್ಟಮಿಗೆ ಆರು ಗಂಟೆ ಆಚೀಚೆ. ಉಬ್ಬರ ಇಳಿತದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ, ನಾನೂ ಅದನ್ನೇ ನೋಡುತ್ತೇನೆ. ಆದರೆ ಟಿಕೆಟ್ ಮಾಡಿಸುವ ಆರು ತಿಂಗಳು ಮುಂಚೆ, ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು.

ನೀಲ್ ದ್ವೀಪದಲ್ಲಿ ಇದು ಯಾಕೆ ಮುಖ್ಯ ಎಂದರೆ, ಅಲ್ಲಿ ನೋಡಬೇಕಾದದ್ದರ ಮುಕ್ಕಾಲು ಪಾಲು ನೀರಿನ ಅಡಿಯಲ್ಲಿರುತ್ತದೆ. (2018ರ ಕೊನೆಯಲ್ಲಿ ನೀಲ್ ಶಹೀದ್ ದ್ವೀಪವಾಯಿತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು. ಜೆಟ್ಟಿಯಲ್ಲಿ, ಹೋಟೆಲಿನಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಹಳೆಯ ಹೆಸರೇ.) ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಹಳ್ಳಿಗಳು ಅಲ್ಲಿ ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ ಎಂದು ರಾಮಾಯಣದ ಹೆಸರು ಹೊತ್ತು ನಿಂತಿವೆ. ಲಕ್ಷ್ಮಣಪುರದ ಆಚೆ ಬದಿಗೆ ಕಡಲು ಕೊರೆದ ಒಂದು ಕಲ್ಲಿನ ಕಮಾನಿದೆ, ಬಂಗಾಳಿಗಳು ಅದನ್ನು ಹೌರಾ ಬ್ರಿಡ್ಜ್ ಅನ್ನುತ್ತಾರೆ. ನೀರು ಇಳಿದಾಗ ಮಾತ್ರ ಅದರ ಬುಡಕ್ಕೆ ಹೋಗಬಹುದು. ದಾರಿಯುದ್ದಕ್ಕೂ ಸತ್ತ ಹವಳದ ಬಂಡೆ, ಬ್ಲೇಡಿನಷ್ಟು ಚೂಪು. ರಬ್ಬರ್ ಚಪ್ಪಲಿ ತಡೆಯುವುದಿಲ್ಲ, ಶೂ ಬೇಕು. ಎಲ್ಲರೂ ಕಮಾನಿನ ಕೆಳಗೆ ನಿಂತು ಸೆಲ್ಫಿ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಿಜವಾದ ಕೆಲಸ ಇರುವುದು ಕಾಲಬುಡದ ಗುಂಡಿಗಳಲ್ಲಿ. ಪೋಲರೈಸರ್ ಫಿಲ್ಟರನ್ನು ಮೆಲ್ಲಗೆ ತಿರುಗಿಸಿದರೆ ನೀರಿನ ಮೇಲಿನ ಬಿಳಿ ಹೊಳಪು ಕಳಚಿ ತಳ ಕಾಣುತ್ತದೆ. ಕಲ್ಲಿನಲ್ಲಿ ಹುದುಗಿದ ದೊಡ್ಡ ಚಿಪ್ಪೊಂದು ಬಾಯಿ ತೆರೆದು ಕೂತಿತ್ತು, ತುಟಿಯಂಚು ನೇರಳೆ ನೀಲಿ, ಮೇಲೆಲ್ಲ ಸಣ್ಣ ಹಸಿರು ಚುಕ್ಕಿ. ನನ್ನ ನೆರಳು ಬಿದ್ದದ್ದೇ ತಡ, ಪಟ್ಟನೆ ಮುಚ್ಚಿಕೊಂಡಿತು. ಸೂರ್ಯನಿಗೆ ಎದುರಾಗಿ ಕೂತು, ನೆರಳು ಹಿಂದಕ್ಕೆ ಬೀಳುವಂತೆ ಮಾಡಿಕೊಂಡು, ಉಸಿರು ಬಿಗಿಹಿಡಿದು ಕಾದೆ. ಮತ್ತೆ ತೆರೆಯಿತು.

ಅಷ್ಟರಲ್ಲಿ ಆ ಹುಡುಗ ಅವಸರ ಮಾಡಿದ. “ದೀದಿ, ಏಳಿ. ನೀರು ಎದುರಿನಿಂದ ಬರಲ್ಲ, ಹಿಂದಿನಿಂದ ಬರುತ್ತೆ.” ತಿರುಗಿ ನೋಡಿದರೆ ನಾವು ಒಣಗಾಲಲ್ಲಿ ದಾಟಿ ಬಂದಿದ್ದ ತಗ್ಗುಗಳು ಆಗಲೇ ತುಂಬುತ್ತಿದ್ದವು. ಬಂಡೆಯ ಹಾಸಿನಲ್ಲಿ ಉಬ್ಬರ ಮೊದಲು ತುಂಬುವುದು ದಡದ ಕಡೆಯ ಕಾಲುವೆಗಳನ್ನೇ. ಇಳಿತ ಪೂರ್ತಿ ಮುಗಿಯುವುದಕ್ಕೆ ಒಂದು ಗಂಟೆ ಇರುವಾಗಲೇ ಹೋಗಿ, ತಿರುಗಿದ ಅರ್ಧ ಗಂಟೆಯೊಳಗೆ ವಾಪಸು ಬನ್ನಿ. ಗೈಡಿಗೆ ಕೊಡುವ ದುಡ್ಡಿನಲ್ಲಿ ಜುಗ್ಗತನ ಬೇಡ.

ಹ್ಯಾವ್‌ಲಾಕಿನಲ್ಲಿ ಲೆಕ್ಕ ಬೇರೆ. ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ಕಾಲಾಪತ್ಥರ್ ಪೂರ್ವಕ್ಕೆ. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಯಲ್ಲೇ ಬ್ಲೂ ಫ್ಲ್ಯಾಗ್ ಪಡೆದ ಬೀಚ್ ಈ ರಾಧಾನಗರ. ಪ್ಯಾಕೇಜಿನಲ್ಲಿ ಅದಕ್ಕೆ ಒಂದೇ ಸಂಜೆ. ನನ್ನ ಸಲಹೆ: ಬಾರಾಟಾಂಗ್ ದ್ವೀಪದ ಪ್ರವಾಸ ಬಿಡಿ (ಯಾಕೆಂದು ಮುಂದೆ ಹೇಳುತ್ತೇನೆ), ರಾಧಾನಗರಕ್ಕೆ ಕೊನೆಪಕ್ಷ ಮೂರು ಸಂಜೆ ಕೊಡಿ. ನೀರು ಇಳಿದ ಸಂಜೆ ಅಗಲವಾದ ಒದ್ದೆ ಮರಳು ಆಕಾಶವನ್ನೆಲ್ಲ ಕನ್ನಡಿಯ ಹಾಗೆ ಹಿಡಿಯುತ್ತದೆ. ನೀರು ಏರಿದ ಸಂಜೆ ಅಲೆ ಮರಗಳ ಬುಡದವರೆಗೆ ಬರುತ್ತದೆ, ಆಗ ಸೀ ಮಹುವಾ ಮರಗಳ ಎತ್ತರದ ಕಾಂಡಗಳೇ ಚಿತ್ರ. ಮೋಡ ಕವಿದರೆ ಇನ್ನೊಂದು. ಶಟರನ್ನು ಅರ್ಧ ಸೆಕೆಂಡಿನಷ್ಟು ತೆರೆದಿಟ್ಟರೆ ಹಿಂದಕ್ಕೆ ಸರಿಯುವ ಅಲೆಯ ನೊರೆ ಗೆರೆಗೆರೆಯಾಗಿ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಬರೀ ಹೊಗೆ. ಕಡಲನ್ನು ಹಾಲು ಮಾಡುವ ಆ ಫ್ಯಾಷನ್ ನನಗೆ ಹಿಡಿಸದು.

ಅಲ್ಲಾಡದೆ ನಿಂತವರನ್ನು ಹುಡುಕಿಕೊಂಡು ಬರುವುದು ಮರಳುನೊಣ. ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದ್ದು ರಾತ್ರಿ ಗೊತ್ತಾಗುತ್ತದೆ, ವಾರವಿಡೀ ತುರಿಸುತ್ತದೆ. ಉದ್ದ ಪ್ಯಾಂಟು ಹಾಕಿ, ಪಾದಕ್ಕೆ ಕೊಬ್ಬರಿ ಎಣ್ಣೆ ಬಳಿಯಿರಿ ಎಂದು ಹೋಂಸ್ಟೇಯ ಅಮ್ಮ ಹೇಳಿಕೊಟ್ಟರು. ಎಣ್ಣೆಗೈಯಲ್ಲಿ ಲೆನ್ಸ್ ಮುಟ್ಟದಂತೆ ನೋಡಿಕೊಳ್ಳುವುದು ಇನ್ನೊಂದು ಸರ್ಕಸ್ಸು. ಮ್ಯಾಂಗ್ರೋವ್ ತೊರೆಯ ಅಂಚು, ಬೀಚಿನ ಪಕ್ಕದ ಹಿನ್ನೀರು, ಇಂಥ ಕಡೆ ಮೊಸಳೆ ಇದೆ ಎಂಬ ಬೋರ್ಡನ್ನು ತಮಾಷೆ ಎಂದುಕೊಳ್ಳಬೇಡಿ. ರಾಧಾನಗರದ ಪಕ್ಕದ ನೀಲ್ಸ್ ಕೋವಿನಲ್ಲಿ 2010ರಲ್ಲಿ ಪ್ರವಾಸಿಯೊಬ್ಬರು ಜೀವ ಕಳೆದುಕೊಂಡಿದ್ದಾರೆ.

ಬಾರಾಟಾಂಗ್ ಬಿಡಿ ಎಂದೆನಲ್ಲ. ಸುಣ್ಣಕಲ್ಲಿನ ಗುಹೆ, ಮಣ್ಣು ಉಗುಳುವ ಜ್ವಾಲಾಮುಖಿ ಎಲ್ಲ ನಿಜ. ಆದರೆ ರಸ್ತೆ ಹಾಯುವುದು ಜಾರವಾ ಜನರ ಮೀಸಲು ಕಾಡಿನ ನಡುವೆ. ಜಿರ್ಕಾಟಾಂಗಿನಲ್ಲಿ ಗಾಡಿಗಳನ್ನು ಸಾಲುಗಟ್ಟಿಸಿ ಪೊಲೀಸ್ ಬೆಂಗಾವಲಿನಲ್ಲಿ ಬಿಡುತ್ತಾರೆ. ಜಾರವಾ ಜನರ ಫೋಟೋ ತೆಗೆಯುವುದು ಅಪರಾಧ, ಜೈಲೂ ಆಗಬಹುದು. ಪ್ರವಾಸಿಗರ ಮುಂದೆ ಅವರನ್ನು ಕುಣಿಸಿದ ವಿಡಿಯೋ 2012ರಲ್ಲಿ ಹೊರಬಿದ್ದು ಜಗತ್ತೆಲ್ಲ ಛೀಮಾರಿ ಹಾಕಿತು. ಕ್ಯಾಮೆರಾವನ್ನು ಚೀಲದಲ್ಲಿಟ್ಟೇ ಹೋದರೂ, ಆ ಸಾಲಿನಲ್ಲಿ ಕೂತ ಕಣ್ಣುಗಳು ಕಿಟಕಿಯಾಚೆ ಏನನ್ನು ಹುಡುಕುತ್ತಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ನನಗೆ ಆ ಸಾಲು ಬೇಡ.

ಅಮಾವಾಸ್ಯೆಯ ಇನ್ನೊಂದು ಲಾಭ ಕತ್ತಲು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಿದಾಗ ನೀಲಿಯಾಗಿ ಮಿನುಗುತ್ತವೆ. 2020ರ ಕೊನೆಯಲ್ಲಿ ನಮ್ಮ ಕರಾವಳಿಯಲ್ಲೂ ಜನ ಮುಗಿಬಿದ್ದು ನೋಡಿದ್ದು ಇಂಥದ್ದನ್ನೇ. ಹ್ಯಾವ್‌ಲಾಕಿನಲ್ಲಿ ರಾತ್ರಿ ಕಯಾಕಿನಲ್ಲಿ ಕರೆದೊಯ್ಯುತ್ತಾರೆ. ಓಲಾಡುವ ದೋಣಿಯಿಂದ ಫೋಟೋ ಬರುವುದಿಲ್ಲ, ಅದನ್ನು ಕಣ್ಣಲ್ಲೇ ನೋಡಿ. ಫೋಟೋ ಬೇಕಿದ್ದರೆ ದಡದಲ್ಲಿ ಟ್ರೈಪಾಡ್ ಊರಿ, ಲೆನ್ಸ್ ಪೂರ್ತಿ ತೆರೆದು, ಇಪ್ಪತ್ತು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟು, ಜೊತೆಯವರಿಗೆ ನೀರು ಕಲಕಲು ಹೇಳಿ. ಅಲ್ಲಿಂದ ಒಂದು ನಿದ್ದೆ ಮುಗಿಸಿ, ನಸುಕಿನ ಮೂರೂವರೆಗೆ ಕಾಲಾಪತ್ಥರಿಗೆ ಹೋದರೆ ಆಗ್ನೇಯದಲ್ಲಿ ಆಕಾಶಗಂಗೆಯ ದಟ್ಟ ನಡುಭಾಗ ಎದ್ದಿರುತ್ತದೆ. ಡಿಸೆಂಬರಿನಲ್ಲಿ ಹೋದವರಿಗೆ ಅದು ಸಿಗುವುದಿಲ್ಲ, ಆಗ ಆ ಭಾಗ ಸೂರ್ಯನ ಜೊತೆಗೇ ಹಗಲಲ್ಲಿ ಕಳೆದುಹೋಗಿರುತ್ತದೆ. “ಶಿವರಾತ್ರಿ ಜಾಗರಣೆ ಅಲ್ಲೇ ಆಯ್ತು ಬಿಡಮ್ಮ” ಎಂದು ನಮ್ಮತ್ತೆ ಫೋನಿನಲ್ಲಿ ನಕ್ಕರು.

ಎ.ಸಿ. ರೂಮಿನಿಂದ ಕ್ಯಾಮೆರಾವನ್ನು ನೇರ ಹೊರಗೆ ತಂದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ, ಒರೆಸಿದಷ್ಟೂ ಮತ್ತೆ. ನಸುಕಿಗೆ ಹೊರಡುವುದಿದ್ದರೆ ಚೀಲವನ್ನು ಎ.ಸಿ. ತಾಗದ ಬಚ್ಚಲುಮನೆಯಲ್ಲೇ ಮಲಗಿಸಿ. ಮಲೆನಾಡಿನವರಿಗೆ ಲೆನ್ಸಿನ ಬೂಷ್ಟು ಗೊತ್ತಿರುತ್ತದೆ, ಅವರು ಸಿಲಿಕಾ ಜೆಲ್ ಮರೆಯುವುದಿಲ್ಲ. ಟ್ರೈಪಾಡಿನ ಕಾಲುಗಳನ್ನು ದಿನಾ ಸಿಹಿನೀರಿನಲ್ಲಿ ತೊಳೆಯಿರಿ.

ನಡುಹಗಲು ವ್ಯರ್ಥ ಎಂದೆ, ಅದು ದಡದ ಮಾತು. ನೀರಿನೊಳಗೆ ಚಿತ್ರ ತೆಗೆಯಲು ಸೂರ್ಯ ನೆತ್ತಿಗೆ ಬಂದಿರಬೇಕು, ಅಲ್ಲಿ ಅವನು ಹನ್ನೊಂದೂವರೆಗೇ ಬರುತ್ತಾನೆ. ಕೆಳಗಿಳಿದಂತೆ ಮೊದಲು ಮಾಯವಾಗುವುದು ಕೆಂಪು ಬಣ್ಣ, ಆದ್ದರಿಂದ ಹವಳಕ್ಕೆ ಆದಷ್ಟು ಹತ್ತಿರ ಹೋಗಿ, ರಾ ಫೈಲಿನಲ್ಲೇ ತೆಗೆಯಿರಿ. ಹತ್ತಿರ ಎಂದರೆ ಮುಟ್ಟುವುದಲ್ಲ, ನಿಲ್ಲುವುದಂತೂ ಅಲ್ಲ. ದಡಕ್ಕೆ ಬಿದ್ದ ಸತ್ತ ಹವಳವನ್ನೂ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸುತ್ತಾರೆ.

ಮನೆಯವರ ವಿಷಯ ಉಳಿಯಿತು. “ಅಲ್ಲ ಕಣೇ, ನಾವು ರಜೆಗೆ ಬಂದಿದ್ದೀವೋ, ನಿನ್ನ ಡ್ಯೂಟಿಗೋ?” ಎಂದು ನಮ್ಮ ಯಜಮಾನರು ಕೇಳಿದ್ದರಲ್ಲಿ ತಪ್ಪಿಲ್ಲ. ಆಗಿನಿಂದ ಒಂದು ಒಪ್ಪಂದವಿದೆ: ನಸುಕು ನನ್ನದು, ಅವರನ್ನು ಎಬ್ಬಿಸುವುದಿಲ್ಲ, ಎಂಟಕ್ಕೆ ತಿಂಡಿಗೆ ಹಾಜರು, ಹಗಲು ಅವರು ಹೇಳಿದ ಕಡೆ, ಸಂಜೆ ನಾನು ಹೇಳಿದ ಬೀಚು, ಅಲ್ಲಿ ಅವರು ಓದಿಕೊಂಡಿರುತ್ತಾರೆ. ಒಂದು ರಾತ್ರಿ ಹೆಚ್ಚು ಉಳಿಯಲು ಹೊಸ ಲೆನ್ಸಿನ ದುಡ್ಡನ್ನು ಬಿಟ್ಟುಕೊಟ್ಟವಳು ನಾನೇ. ಈ ಸಲದ ಜಗಳ ಒಂದೇ: ಅವರಿಗೆ ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲಿಗೆ ಪೂರ್ತಿ ದಿನ ಬೇಕು, ನನಗೆ ಅದೇ ದಿನ ಇಳಿತ ಬೇಕು, ಮತ್ತು ಆ ವಾರ ಅಮಾವಾಸ್ಯೆ ಒಂದೇ.