ಸಹಿ ಹಾಕಿದೆ ಎಂದು ಸುಮ್ಮನಿರಬೇಡ

ಚಿ. ಮಂಜುನಾಥನಿಗೆ,

ಮನೆ ಸಾಲದ ಸ್ಟೇಟ್‌ಮೆಂಟಿನಲ್ಲಿ ‘ಇನ್ಶೂರೆನ್ಸ್’ ಎಂದು 50,000 ರೂಪಾಯಿ ಬಿದ್ದಿದೆ, ವಿಮೆ ಮಾಡಿಸದಿದ್ದರೆ ಸಾಲ ಪಾಸಾಗುವುದಿಲ್ಲ ಅಂದಿದ್ದರು, ಹೇಗೂ ಸಹಿ ಹಾಕಿಬಿಟ್ಟೆ ಎಂದು ಬರೆದಿದ್ದೀಯ. ಮೊದಲ ಸಲ ಸಾಲ ಮಾಡಿದ ಎಷ್ಟೋ ಮಕ್ಕಳ ಕಥೆ ಇದೇ ಆದ್ದರಿಂದ ಎಲ್ಲರೂ ಓದಲೆಂದು ಇಲ್ಲೇ ಉತ್ತರಿಸುತ್ತಿದ್ದೇನೆ. ಸಹಿ ಬಿದ್ದ ಮಾತ್ರಕ್ಕೆ ನಿನ್ನ ಹಕ್ಕು ಹೋಗುವುದಿಲ್ಲ. ಸಹಿಗೆ ಮುಂಚೆ ಏನು ಹೇಳಿದರು, ಏನು ಮುಚ್ಚಿಟ್ಟರು ಎಂಬುದೇ ಮುಖ್ಯ.

ಮೊದಲು ಲೆಕ್ಕ ನೋಡು. ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದ್ದಾರೆ. ಅದಕ್ಕೂ ಬಡ್ಡಿ ಓಡುತ್ತಿದೆ. ಶೇ. 9ರ ದರದಲ್ಲಿ 20 ವರ್ಷಕ್ಕೆ ಆ 50,000ದ ಕಂತೇ ತಿಂಗಳಿಗೆ ಸುಮಾರು 450 ರೂಪಾಯಿ. ಸಾಲ ತೀರುವ ಹೊತ್ತಿಗೆ 1 ಲಕ್ಷ 8 ಸಾವಿರದಷ್ಟು ಕಟ್ಟಿರುತ್ತೀಯ.

ವಾಪಸ್ ಕೇಳಲು ಗಟ್ಟಿ ಆಧಾರಗಳು ಇವು. ಕಡ್ಡಾಯ ಎಂದು ಹೇಳಿ ಮಾರಿದ್ದರೆ ಅದು ತಪ್ಪು. ತಾನು ಹೇಳಿದ ಕಂಪನಿಯ ಪಾಲಿಸಿಯನ್ನೇ ಕೊಳ್ಳಬೇಕೆಂದು ಬ್ಯಾಂಕ್ ಒತ್ತಾಯಿಸುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ಅದರ ಬಡ್ಡಿ, ಶುಲ್ಕಗಳನ್ನೆಲ್ಲ ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಅದರಲ್ಲಿ ಕಾಣದ ಶುಲ್ಕವನ್ನು ನಿನ್ನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಇನ್ನು ವಿಮೆಯ ಅರ್ಜಿಯಾದ ಪ್ರಪೋಸಲ್ ಫಾರಂ. ಅದರ ಪ್ರತಿ ತರಿಸಿಕೊಂಡು ಆರೋಗ್ಯದ ಪ್ರಶ್ನೆಗಳನ್ನು ಓದು. ನಿನಗೆ ಸಕ್ಕರೆ ಕಾಯಿಲೆ ಇದೆ. ಆ ಪ್ರಶ್ನೆಗೆ ಬೇರೆ ಯಾರೋ ‘ಇಲ್ಲ’ ಎಂದು ತುಂಬಿದ್ದರೆ, ಕಷ್ಟಕಾಲದಲ್ಲಿ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ಸ್ವಂತ ಅಂಗಡಿ ಇರುವವನಿಗೆ ಕೆಲಸ ಹೋದರೆ ಹಣ ಕೊಡುವ ವಿಮೆ ಮಾರಿದ್ದರೆ, 20 ವರ್ಷದ ಸಾಲಕ್ಕೆ 5 ವರ್ಷದ ರಕ್ಷಣೆ ಕೊಟ್ಟು ಪೂರ್ತಿ ಅವಧಿಗೆ ಎಂದು ನಂಬಿಸಿದ್ದರೆ, ಅವೂ ಆಧಾರಗಳೇ.

ಆದರೆ ಎಲ್ಲ ತಿಳಿದು, ಒಪ್ಪಿ ಕೊಂಡಿದ್ದರೆ, ಇಷ್ಟು ದಿನ ಉಪಯೋಗಕ್ಕೆ ಬರಲಿಲ್ಲ ಎಂಬುದು ವಾಪಸ್ ಕೇಳಲು ಕಾರಣವಾಗದು. ವಿಮೆ ಕೆಟ್ಟದ್ದಲ್ಲ. ಮನೆಯವರು ನಿನ್ನನ್ನೇ ನಂಬಿದ್ದರೆ, ಬೇರೆ ಟರ್ಮ್ ಪಾಲಿಸಿ ಕೈಸೇರಿದ ಮೇಲಷ್ಟೇ ಇದನ್ನು ರದ್ದುಮಾಡು.

ಬ್ರಿಟನ್ನಿನಲ್ಲಿ ಇದೇ ಬಗೆಯ ‘ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್’ ಅನ್ನು ಲಕ್ಷಾಂತರ ಜನರ ತಲೆಗೆ ಕಟ್ಟಿದ್ದರು. ಅವರೂ ಸಹಿ ಹಾಕಿದವರೇ. 2011ರಲ್ಲಿ ಬ್ಯಾಂಕುಗಳು ಕೋರ್ಟಿನಲ್ಲಿ ಸೋತವು. 2014ರ ಪ್ಲೆವಿನ್ ಪ್ರಕರಣದಲ್ಲಿ ಪ್ರೀಮಿಯಂನ ಶೇ. 71ಕ್ಕೂ ಹೆಚ್ಚು ಪಾಲು ಕಮಿಷನ್ನಿಗೇ ಹೋಗಿತ್ತು. ಅದನ್ನು ಸಾಲಗಾರ್ತಿಗೆ ಹೇಳದೆ ಮುಚ್ಚಿಟ್ಟದ್ದು ಅನ್ಯಾಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2019ರ ಆಗಸ್ಟ್ 29 ದೂರಿಗೆ ಕೊನೆಯ ದಿನವಾಗಿತ್ತು. ಒಟ್ಟು 3,800 ಕೋಟಿ ಪೌಂಡಿಗೂ ಮೀರಿದ ಹಣ ಜನರಿಗೆ ಮರಳಿತು. ಬಹುಮಟ್ಟಿಗೆ ಜನ ದೂರು ಬರೆದದ್ದರಿಂದ ಬಂದ ಹಣ ಅದು.

ನೀನೂ ಬರೆ. ಪಾಲಿಸಿ ಕೈಸೇರಿ 30 ದಿನ ಆಗಿಲ್ಲದಿದ್ದರೆ ‘ಫ್ರೀ ಲುಕ್’ ಅವಧಿಯಲ್ಲಿ ಹಿಂದಿರುಗಿಸು; ಅಲ್ಪಸ್ವಲ್ಪ ಕಳೆದು ಉಳಿದದ್ದು ಬರುತ್ತದೆ. ಅವಧಿ ಮುಗಿದಿದ್ದರೆ ವಿಮಾ ಕಂಪನಿಗೂ ಬ್ಯಾಂಕಿಗೂ ಲಿಖಿತ ದೂರು ಕೊಡು. ಫೋನಿನಲ್ಲಿ ಆಡಿದ ಮಾತು ದಾಖಲೆಯಾಗದು, ಇ-ಮೇಲ್ ಆಗುತ್ತದೆ. ಯಾರು, ಎಂದು, ಏನು ಹೇಳಿದರು ಎಂಬುದನ್ನು ನೆನಪಿರುವಾಗಲೇ ಬರೆದಿಡು. ಪ್ರೀಮಿಯಂ ಜೊತೆ ಅದರ ಮೇಲಿನ ಬಡ್ಡಿಯನ್ನೂ ಸಾಲದ ಖಾತೆಗೆ ಜಮಾ ಮಾಡಿ ಎಂದು ಸ್ಪಷ್ಟವಾಗಿ ಕೇಳು. ವಿಮಾ ನಿಯಂತ್ರಕರ ‘ಬಿಮಾ ಭರೋಸಾ’ ಪೋರ್ಟಲ್ಲಿನಲ್ಲೂ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಆಗದು ಎಂದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿನ ನಡತೆಯ ಮೇಲಿನ ದೂರಿಗೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿಗೆ 2 ವರ್ಷದ ಮಿತಿ. ಹಣ ಕೊಡಿಸುತ್ತೇನೆಂದು ಪಾಲು ಕೇಳುವ ದಲ್ಲಾಳಿಗಳ ಕೈಗೆ ಮಾತ್ರ ಸಿಗಬೇಡ.

ನಿನ್ನ ದುಡಿಮೆಯ ಹಣವನ್ನು ಕೇಳಲು ಸಂಕೋಚವೇಕೆ? ಈ ವಾರವೇ ದೂರು ಬರೆದು, ಕಳುಹಿಸುವ ಮುನ್ನ ನನಗೊಂದು ಪ್ರತಿ ಹಾಕು. ಓದಿ ತಿದ್ದಿಕೊಡುತ್ತೇನೆ.

ನಿನ್ನ ಒಳಿತು ಬಯಸುವ,
ದೊಡ್ಡಪ್ಪ