ಮನೆಗೆ ಬೋರ್‌ವೆಲ್ ಕೊರೆಸುವ ಮುನ್ನ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಇಳಿದರೂ ಬರೀ ದೂಳೇ ಬರುವುದು ಹೊಸದೇನಲ್ಲ. ಅಲ್ಲಿರುವುದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ. ಪಕ್ಕದ ಮನೆಯವರಿಗೆ ಎರಡಿಂಚು ನೀರು ಬಿದ್ದರೆ ನಿಮಗೂ ಬೀಳಬೇಕೆಂದಿಲ್ಲ. ನೀರು ಅದೃಷ್ಟದ ಮಾತಿರಬಹುದು. ಅನುಮತಿ, ಅಳತೆ, ಬಿಲ್ಲು ಹಾಗಲ್ಲ.

ನನ್ನ ಜಾಗ, ಅನುಮತಿ ಯಾಕೆ?

ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕನ್ನು 1882ರ ಈಸ್‌ಮೆಂಟ್ ಕಾಯಿದೆ ಭೂಮಾಲೀಕನಿಗೆ ಕೊಟ್ಟಿದೆ, ನಿಜ. ಆದರೆ ಕರ್ನಾಟಕದ 2011ರ ಅಂತರ್ಜಲ ಕಾಯಿದೆಯ ಪ್ರಕಾರ, ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿ ತೋಡಲು ಅನುಮತಿ ಬೇಕು. ಕೊರೆಯುವ ರಿಗ್ ಕೂಡ ನೋಂದಣಿಯಾಗಿರಬೇಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗಾದರೆ ರಾಜ್ಯದ 1999ರ ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಯ ಕಾಯಿದೆಯಡಿಯೂ ಅನುಮತಿ ಪಡೆಯಬೇಕು. ನಿಮ್ಮ ತಾಲ್ಲೂಕು ಅಧಿಸೂಚಿತವೇ ಎಂಬುದನ್ನು ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಅಡಿ ಲೆಕ್ಕ, ದುಡ್ಡಿನ ಲೆಕ್ಕ

ಕೊರೆಯುವ ದರ ಅಡಿಗಿಷ್ಟು ಎಂದಿದ್ದರೂ ಆಳ ಹೆಚ್ಚಿದಂತೆ ಏರುತ್ತದೆ. ಕೇಸಿಂಗ್ ಪೈಪಿನ ದರ ಬೇರೆ. ಪಂಪು, ಕೇಬಲ್ಲು, ಕರೆಂಟಿನ ಖರ್ಚು ಆಮೇಲಿನದು. ಆದ್ದರಿಂದ ಲಾರಿ ಬರುವ ಮೊದಲೇ ಹಂತಹಂತದ ದರ, ಕೇಸಿಂಗ್ ದರ, ಫ್ಲಶಿಂಗ್ (ಕೊಳವೆ ಶುಚಿಗೊಳಿಸುವ) ಶುಲ್ಕ, ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದನ್ನು ಬರೆಸಿಕೊಳ್ಳಿ. ಕೊರೆಯುವಾಗ ರಾಡುಗಳನ್ನು ಎಣಿಸಿ. ಒಂದರ ಉದ್ದ ಸಾಮಾನ್ಯವಾಗಿ 20 ಅಡಿ. ಇಳಿಸಿದ ಕೇಸಿಂಗನ್ನೂ ಅಳೆದಿಟ್ಟುಕೊಳ್ಳಿ. ಆಳ, ಕೇಸಿಂಗ್, ನೀರಿನ ಇಳುವರಿ ನಮೂದಿಸಿದ ಬಿಲ್ಲು ಪಡೆಯಿರಿ.

ಮೋಸವಾದರೆ

ನೀರು ಬೀಳಲಿಲ್ಲ ಎಂಬುದೊಂದೇ ಸೇವಾ ನ್ಯೂನತೆಯಾಗದು. 600 ಅಡಿ ಕೊರೆದು 800ಕ್ಕೆ ಬಿಲ್ಲು ಹಾಕಿದರೆ, ಒಪ್ಪಿದ ಕೇಸಿಂಗ್ ಇಳಿಸದಿದ್ದರೆ ಆಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಲಹೆಗೆ ಸಹಾಯವಾಣಿ 1915.

ಬತ್ತಿದ ಕೊಳವೆ ನಿಮ್ಮ ಹೊಣೆ

ಮಕ್ಕಳು ತೆರೆದ ಕೊಳವೆಗೆ ಬೀಳುವ ದುರಂತ ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ನಿರ್ದೇಶನ ನೀಡಿದೆ:

* ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಮಾಹಿತಿ ಕೊಡಬೇಕು.
* ಕೊರೆಯುವಾಗ ಸುತ್ತ ಬೇಲಿ, ಮಾಲೀಕರ ಮತ್ತು ಕೊರೆಯುವವರ ವಿಳಾಸದ ಫಲಕ ಇರಬೇಕು.
* ಕೇಸಿಂಗ್ ಬಾಯಿಗೆ ಬೆಸುಗೆ ಹಾಕಿದ ಅಥವಾ ಬೋಲ್ಟ್ ಬಿಗಿದ ಗಟ್ಟಿ ಮುಚ್ಚಳ ಬೇಕು. ಪಂಪ್ ರಿಪೇರಿಗೆ ಎತ್ತಿದಾಗಲೂ ಬಾಯಿ ತೆರೆದಿಡಬಾರದು.
* ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಿಸಬೇಕು.

ಕಲ್ಲೊಂದನ್ನು ಎಳೆದಿಟ್ಟರೆ, ಗೋಣಿಚೀಲ ತುರುಕಿದರೆ ಮುಚ್ಚಿದಂತಾಗದು. ನಿಮ್ಮೂರಿನಲ್ಲಿ ಬಾಯಿ ತೆರೆದ ಕೊಳವೆಬಾವಿ ಕಂಡರೆ ಇಂದೇ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ.