ತಲೆ ತಗ್ಗಿಸಿ ಮಾಡುವ ಶಸ್ತ್ರಕ್ರಿಯೆಯೂ ಮೆದುಳಿನ ರಕ್ತವೂ

ಕಡಗಂಚಿಯ ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಗೆ ರೋಬೋಟ್ ಯಂತ್ರದ ಮೂಲಕ ಗರ್ಭಕೋಶದ ಶಸ್ತ್ರಕ್ರಿಯೆಯನ್ನು ಮಾಡಿಸಲು ಬೆಂಗಳೂರಿಗೆ ಹೊರಟಿದ್ದಳು. “ಅಕ್ಕೋರೆ, ಅವ್ವನನ್ನು ಮೂರು ತಾಸು ತಲೆ ಕೆಳಗೆ ಮಾಡಿ ಮಲಗಿಸುವರಂತೆ, ರಕ್ತವೆಲ್ಲ ಮೆದುಳಿಗೆ ಇಳಿಯದೆ?” ಎಂದು ಕೇಳಿದಳು. ಅವಸರದಲ್ಲಿ ನಾನು ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲವಾದುದರಿಂದ ಇಲ್ಲಿ ವಿಸ್ತರಿಸಿ ಬರೆದಿದ್ದೇನೆ.

ಈ ಭಂಗಿಯು ಹೊಸತಲ್ಲ. ಜರ್ಮನಿಯ ಶಸ್ತ್ರವೈದ್ಯನಾದ ಟ್ರೆಂಡೆಲೆನ್‌ಬರ್ಗನ ಕ್ರಮವನ್ನು ಅವನ ಶಿಷ್ಯ ಮೇಯರನು 1885ರಲ್ಲಿಯೇ ಪ್ರಕಟಿಸಿದನು. ಸೊಂಟವನ್ನು ಎತ್ತಿದರೆ ಕರುಳುಗಳು ಎದೆಯ ಕಡೆಗೆ ಸರಿದು ಕಿಬ್ಬೊಟ್ಟೆಯು ತೆರವಾಗುವುದು. ರೋಬೋಟ್ ಶಸ್ತ್ರಕ್ರಿಯೆಯಲ್ಲಿ ಇಳಿಜಾರು ಹಲವು ವೇಳೆ 25ರಿಂದ 30 ಡಿಗ್ರಿಗಳಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಯಂತ್ರದ ಕೈಗಳನ್ನು ಶರೀರಕ್ಕೆ ಜೋಡಿಸಿದ ಮೇಲೆ, ಬಹುಮಟ್ಟಿನ ಯಂತ್ರಗಳಲ್ಲಿ, ಅವುಗಳನ್ನು ಬಿಡಿಸದೆ ಮೇಜನ್ನು ಕದಲಿಸಲಾಗದು.

ತಲೆಬುರುಡೆಯು ಹಿಗ್ಗದ ಗಡಿಗೆ. ಅದರೊಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲಿನ ದ್ರವ ಇವಿಷ್ಟಕ್ಕೇ ಸ್ಥಳವುಂಟು. ತಲೆ ತಗ್ಗಿದಾಗ ಮುಖ್ಯವಾದ ತೊಡಕು ಒಳಗೆ ಬರುವ ರಕ್ತದ್ದಲ್ಲ, ಹೊರಗೆ ಹೋಗುವ ರಕ್ತದ್ದು. ಅದು ಹೃದಯಕ್ಕೆ ಏರು ಹತ್ತಿ ಮರಳಬೇಕು. ಆದುದರಿಂದ ಬುರುಡೆಯ ಒಳ ಒತ್ತಡವು ಹೆಚ್ಚುವುದು. ಅಪಧಮನಿಯ ಒತ್ತಡದಿಂದ ಈ ಒಳ ಒತ್ತಡವನ್ನು ಕಳೆದು ಉಳಿದುದೇ ಮೆದುಳಿಗೆ ರಕ್ತವನ್ನು ನೂಕುವ ಬಲ. ಪಾದರಸದ ಮಿಲಿಮೀಟರುಗಳಲ್ಲಿ 85ರಿಂದ 10 ಕಳೆದರೆ 75. ಆ 10 ಎಂಬುದು 20 ಆದರೆ 65. ಆರೋಗ್ಯವಂತರ ಮೆದುಳಿನ ನಾಳಗಳು ತಾವೇ ಹಿಗ್ಗಿ ಕುಗ್ಗಿ ಪ್ರವಾಹವನ್ನು ಸಮನಾಗಿಡುತ್ತವೆ.

ಇದಲ್ಲದೆ ಹೊಟ್ಟೆಯನ್ನು ಉಬ್ಬಿಸಲು ತುಂಬುವ ಇಂಗಾಲಾಮ್ಲ ವಾಯುವು ರಕ್ತಕ್ಕೆ ಸೇರಿ ಮೆದುಳಿನ ನಾಳಗಳನ್ನು ಹಿಗ್ಗಿಸುತ್ತದೆ. ಒಳ ಒತ್ತಡವು ಮತ್ತಷ್ಟು ಏರುತ್ತದೆ. ಅರಿವಳಿಕೆಯ ವೈದ್ಯರು ಉಸಿರಾಟದ ಯಂತ್ರದ ವೇಗವನ್ನು ಹೆಚ್ಚಿಸಿ ಆ ವಾಯುವನ್ನು ಹೊರಹಾಕುವರು.

ಎಚ್ಚರ ಬೇಕಾದುದು ಹಿಂದೆ ಪಾರ್ಶ್ವವಾಯು ತಗಲಿದವರಿಗೆ, ಮೆದುಳಿನಲ್ಲಿ ಗಡ್ಡೆಯಿರುವವರಿಗೆ, ಕಣ್ಣಿನ ಒತ್ತಡದ ಗ್ಲಾಕೋಮಾ ರೋಗದವರಿಗೆ. ನಮ್ಮ ಕಡೆಯ ತಾಯಂದಿರು ಇಂಥವನ್ನು ಹೇಳದೆ ನುಂಗಿಕೊಳ್ಳುವುದೇ ಹೆಚ್ಚು. ಎದ್ದ ಮೇಲೆ ಮುಖ, ರೆಪ್ಪೆಗಳು ಊದಿಕೊಂಡಿರುವುದುಂಟು. ಅದು ಸಾಮಾನ್ಯವಾಗಿ ತಾನಾಗಿ ಇಳಿಯುವುದು. ಕೈಕಾಲುಗಳ ನಿಶ್ಶಕ್ತಿ, ಮಂಕಾದ ದೃಷ್ಟಿ, ಬಿಡದ ತೂಕಡಿಕೆಗಳನ್ನಾದರೋ ಕೂಡಲೇ ತಿಳಿಸತಕ್ಕದ್ದು.

ಆ ಹುಡುಗಿಯ ತಾಯಿಗೆ ಹಿಂದೊಮ್ಮೆ ಬಾಯಿ ಸೊಟ್ಟಗಾಗಿ ಸಂಜೆಯೊಳಗೆ ಸರಿಹೋಗಿತ್ತಂತೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ವೈದ್ಯರು ಕತ್ತಿನ ರಕ್ತನಾಳಗಳನ್ನು ಪರೀಕ್ಷಿಸುವ ತನಕ ಶಸ್ತ್ರಕ್ರಿಯೆಯನ್ನು ಮುಂದಕ್ಕೆ ಹಾಕಿದರು.